ಹೆಪ್ಪಾಗುವ ಮುನ್ನ: 1975ರ ಹೆಪಾರಿನ್ ಪ್ರಯೋಗದ ಪ್ರಕರಣ ಅಧ್ಯಯನ

"ಮಂಡಿ ಆಪರೇಷನ್ನಿಗೆ ಹೊಟ್ಟೆಗೆ ಯಾಕಮ್ಮಾ ಸೂಜಿ?"

ಮಂಡಿ ಕೀಲು ಬದಲಾಯಿಸಿಕೊಂಡು ಮಲಗಿದ್ದ ನನ್ನ ತಾಯಿ ಸಿಸ್ಟರನ್ನು ಕೇಳಿದ ಪ್ರಶ್ನೆ ಇದು. "ರಕ್ತ ಹೆಪ್ಪುಗಟ್ಟಬಾರದು ಅಂತ ಅಜ್ಜಿ" ಎಂದು ಆಕೆ ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಸೂಜಿ ಕೊಟ್ಟು, ಮುಂದಿನ ಮಂಚಕ್ಕೆ ಹೋದರು. ಅಮ್ಮನಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಗಾಯ ಇನ್ನೂ ಹಸಿಯಾಗಿದೆ, ರಕ್ತ ಎಲ್ಲೂ ಹೆಪ್ಪುಗಟ್ಟಿಲ್ಲ. ಇಂಥ ಹೊತ್ತಿನಲ್ಲಿ ಹೆಪ್ಪು ತಡೆಯುವ ಮದ್ದು ಕೊಡಬಹುದೆಂದು ಮೊದಲು ಧೈರ್ಯ ಮಾಡಿದವರು ಯಾರು? ಯಾವ ಲೆಕ್ಕದ ಮೇಲೆ? ಹುಡುಕುತ್ತ ಹೋದಾಗ ಸಿಕ್ಕಿದ್ದು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ, ಅಲ್ಲಿ ಕೆಲಸ ಮಾಡುತ್ತಿದ್ದ ಭಾರತ ಮೂಲದ ಶಸ್ತ್ರಚಿಕಿತ್ಸಕ ವಿಜಯ್ ಕಕ್ಕರ್, ಮತ್ತು 1975ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ. ಆ ಪ್ರಬಂಧ ಹುಟ್ಟಿದ ಬಗೆ, ಅದು ತೋರಿಸಿದ್ದು, ತೋರಿಸಲಾಗದೆ ಉಳಿಸಿದ್ದು, ಇವು ಇಲ್ಲಿಯ ವಿಷಯ.

ಒಂದು ವಾರ ಕಳೆದ ಮೇಲಿನ ಸಾವು

1960ರ ದಶಕದ ಶಸ್ತ್ರಚಿಕಿತ್ಸಕರಿಗೆ ಒಂದು ಬಗೆಯ ಸಾವು ಚೆನ್ನಾಗಿ ಪರಿಚಯವಿತ್ತು. ಹೊಟ್ಟೆಯ ದೊಡ್ಡ ಆಪರೇಷನ್ ಸರಿಯಾಗಿ ಮುಗಿದಿರುತ್ತದೆ. ಹೊಲಿಗೆ ಒಣಗಿರುತ್ತದೆ, ಜ್ವರ ಇರುವುದಿಲ್ಲ, ಊಟ ಸೇರುತ್ತಿರುತ್ತದೆ. ಮನೆಗೆ ಕಳಿಸುವ ಮಾತು ನಡೆದಿರುವಾಗ ರೋಗಿ ಎದ್ದು ಶೌಚಕ್ಕೆ ಹೋಗುತ್ತಾರೆ, ಅಲ್ಲೇ ಕುಸಿಯುತ್ತಾರೆ. ಡಾಕ್ಟರು ಓಡಿ ಬರುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಮರಣೋತ್ತರ ಪರೀಕ್ಷೆ ಮಾಡಿದರೆ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ ಉದ್ದನೆಯ ರಕ್ತಗರಣೆ, ಅಂದರೆ ಹೆಪ್ಪುಗಟ್ಟಿದ ರಕ್ತ, ಸುರುಳಿ ಸುತ್ತಿಕೊಂಡು ಕೂತಿರುತ್ತದೆ.

ಆ ಗರಣೆ ಅಲ್ಲಿ ಹುಟ್ಟಿದ್ದಲ್ಲ. ಮೀನಖಂಡದ ಒಳಗಿನ ಅಭಿಧಮನಿಯಲ್ಲಿ ಹುಟ್ಟಿ, ತೊಡೆಯವರೆಗೆ ಬೆಳೆದು, ಕಳಚಿಕೊಂಡು, ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ಬಾಯಲ್ಲಿ ಸಿಕ್ಕಿಕೊಂಡದ್ದು. ಈ ಪ್ರಯಾಣವನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 19ನೆಯ ಶತಮಾನದ ಮಧ್ಯಭಾಗದಲ್ಲೇ ವಿವರಿಸಿದ್ದರು. ಕಾರಣ ಗೊತ್ತಾಗಿ ನೂರು ವರ್ಷ ಕಳೆದಿದ್ದರೂ ಸಾವು ಮಾತ್ರ ನಿಂತಿರಲಿಲ್ಲ.

ಮದ್ದೂ ಇತ್ತು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ, ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿ, ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಿದ್ದಾಗ ಅದಕ್ಕೆ ತದ್ವಿರುದ್ಧವಾದ್ದನ್ನು ಕಂಡರು. ಆ ಕೆಲಸದಿಂದ ಬೆಳೆದು ಬಂದ ಹೆಪ್ಪುರೋಧಕಕ್ಕೆ, ನಾಯಿಯ ಯಕೃತ್ತಿನಿಂದ ತೆಗೆದದ್ದರಿಂದ, ಯಕೃತ್ತಿನ ಗ್ರೀಕ್ ಹೆಸರಿನ ಮೇಲೆ ಹೆಪಾರಿನ್ ಎಂದು ಹೆಸರಾಯಿತು. 1930ರ ದಶಕದಲ್ಲಿ ಟೊರಾಂಟೊ ಮತ್ತು ಸ್ಟಾಕ್‌ಹೋಮ್‌ನವರು ಅದನ್ನು ಶುದ್ಧಗೊಳಿಸಿ ಮನುಷ್ಯರಿಗೆ ಕೊಡುವಂತೆ ಮಾಡಿದರು. 1960ರಲ್ಲಿ ಬ್ರಿಸ್ಟಲ್‌ನ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು, ಗರಣೆ ಆಗಲೇ ಶ್ವಾಸಕೋಶ ಸೇರಿದ್ದ 35 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮದ್ದು ಸಿಗದ 19 ಜನರಲ್ಲಿ 5 ಜನ ಅದೇ ಕಾರಣಕ್ಕೆ ಸತ್ತಿದ್ದರು. ಮದ್ದು ಸಿಕ್ಕ 16 ಜನರಲ್ಲಿ ಆ ಕಾರಣಕ್ಕೆ ಒಬ್ಬರೂ ಸತ್ತಿರಲಿಲ್ಲ. ಗರಣೆ ಆದ ಮೇಲೆ ಏನು ಮಾಡಬೇಕೆಂಬುದು ಅಲ್ಲಿಗೆ ಬಹುಮಟ್ಟಿಗೆ ತೀರ್ಮಾನವಾಯಿತು.

ಆದರೆ ಶೌಚಾಲಯದಲ್ಲಿ ಕುಸಿದವರಿಗೆ ಆ ತೀರ್ಮಾನದಿಂದ ಬಂದ ಲಾಭವೇನು? ಮದ್ದು ರಕ್ತನಾಳ ಸೇರುವ ಮೊದಲೇ ಅವರ ಪ್ರಾಣ ಹೋಗಿರುತ್ತಿತ್ತು. ಅವರನ್ನು ಉಳಿಸಬೇಕಾದರೆ ಗರಣೆ ಹುಟ್ಟುವ ಮೊದಲೇ ತಡೆಯಬೇಕು. ಅಂದರೆ ಹೊಟ್ಟೆ ಕೊಯ್ದು ಹೊಲಿದ ರೋಗಿಗೆ ಹೆಪ್ಪು ತಡೆಯುವ ಮದ್ದು ಕೊಡಬೇಕು. ಬರ್ಮಿಂಗ್‌ಹ್ಯಾಮ್‌ನ ಸೆವಿಟ್ ಮತ್ತು ಗ್ಯಾಲಘರ್ 1959ರಲ್ಲಿ ಸೊಂಟದ ಮೂಳೆ ಮುರಿದ ವೃದ್ಧರಿಗೆ ಫೆನಿಂಡಿಯೋನ್ ಎಂಬ ಮಾತ್ರೆ ಕೊಟ್ಟು, ಇಂಥ ಸಾವನ್ನು ತಡೆಯಬಹುದೆಂದು ತೋರಿಸಿಯೇ ಇದ್ದರು. ಆದರೂ ಶಸ್ತ್ರಚಿಕಿತ್ಸಕರು ಒಪ್ಪಿಕೊಳ್ಳಲಿಲ್ಲ. ಮಾತ್ರೆ ಕೊಟ್ಟರೆ ರಕ್ತಪರೀಕ್ಷೆ ಮಾಡುತ್ತಲೇ ಇರಬೇಕು, ಗಾಯ ಒಸರಬಹುದು. ತಾನು ಹೊಲಿದ ಗಾಯದಿಂದ ರಕ್ತ ಸೋರುವುದನ್ನು ಸರ್ಜನ್ ಕಣ್ಣಾರೆ ಕಾಣುತ್ತಾನೆ. ಕಾಲಿನೊಳಗೆ ಬೆಳೆಯುವ ಗರಣೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಆ ಹಿಂಜರಿಕೆಯನ್ನು ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ.

ಕಾಣದ್ದನ್ನು ಎಣಿಸಿದ್ದು

ಕಕ್ಕರ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ಅವರು ಮದ್ದಿನಿಂದ ಶುರು ಮಾಡಲಿಲ್ಲ, ಕಾಲಿನೊಳಗೆ ಏನಾಗುತ್ತಿದೆ ಎಂದು ನೋಡುವುದರಿಂದ ಶುರು ಮಾಡಿದರು.

ಫೈಬ್ರಿನೋಜನ್ ಎಂಬ ಪ್ರೋಟೀನು ನಮ್ಮ ರಕ್ತದಲ್ಲಿ ಕರಗಿರುತ್ತದೆ. ಹೆಪ್ಪುಗಟ್ಟುವಾಗ ಅದೇ ನೂಲಾಗಿ ಬಲೆ ನೇಯುತ್ತದೆ. ಆ ಪ್ರೋಟೀನಿಗೆ ವಿಕಿರಣಶೀಲ ಅಯೋಡಿನ್-125 ಅಂಟಿಸಿ ರೋಗಿಯ ರಕ್ತಕ್ಕೆ ಸೇರಿಸಿದರೆ, ಎಲ್ಲಿ ಹೊಸ ಗರಣೆ ಕಟ್ಟುತ್ತದೋ ಅಲ್ಲಿ ವಿಕಿರಣ ಶೇಖರವಾಗುತ್ತದೆ. ಥೈರಾಯ್ಡ್ ಗ್ರಂಥಿ ಆ ಅಯೋಡಿನ್ನನ್ನು ಹೀರದಂತೆ ಮೊದಲೇ ಬೇರೆ ಅಯೋಡೈಡ್ ಕುಡಿಸಿರುತ್ತಾರೆ. ಆಮೇಲೆ ದಿನವೂ ಮಂಚದ ಪಕ್ಕಕ್ಕೆ ಒಂದು ಎಣಿಕೆಯಂತ್ರ ತಂದು, ಮೊದಲು ಎದೆಯ ಮೇಲೆ ಇಟ್ಟು ಹೃದಯದ ಎಣಿಕೆಯನ್ನು ನೂರು ಎಂದು ಹಿಡಿದು, ನಂತರ ಕಾಲಿನುದ್ದಕ್ಕೂ ಗುರುತು ಮಾಡಿದ ಜಾಗಗಳಲ್ಲಿ ಇಟ್ಟು ಓದುತ್ತಾರೆ. ಒಂದು ಜಾಗದಲ್ಲಿ ಎಣಿಕೆ ಏರಿ, ಏರಿದಂತೆಯೇ ಉಳಿದರೆ ಅಲ್ಲಿ ಗರಣೆಯಿದೆ ಎಂದರ್ಥ. ರೋಗಿ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ. ಫ್ಲಾಂಕ್, ಕಕ್ಕರ್ ಮತ್ತು ಕ್ಲಾರ್ಕ್ 1968ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ತೊಡೆಯ ಮೇಲ್ಭಾಗ ಮತ್ತು ಕಿಬ್ಬೊಟ್ಟೆಯಲ್ಲಿ ಇದನ್ನು ನೆಚ್ಚುವಂತಿರಲಿಲ್ಲ, ಮೂತ್ರಕೋಶದಲ್ಲಿ ಸೇರಿದ ವಿಕಿರಣವೇ ಎಣಿಕೆಯನ್ನು ಕೆಡಿಸುತ್ತಿತ್ತು. ಆದರೆ ಮೀನಖಂಡದ ಮಟ್ಟಿಗೆ ಅದುವರೆಗೆ ಇಲ್ಲದ ಕಣ್ಣೊಂದು ಸಿಕ್ಕಿತು.

ಮರುವರ್ಷ, 1969ರಲ್ಲಿ, ಈ ವಿಧಾನದಿಂದ 132 ರೋಗಿಗಳನ್ನು ಗಮನಿಸಿದ ವರದಿ ಬಂತು. 40 ಜನರಿಗೆ, ಅಂದರೆ ಶೇ. 30ರಷ್ಟು ಮಂದಿಗೆ, ಕಾಲಿನಲ್ಲಿ ಗರಣೆ ಕಟ್ಟಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನೋವಾಗಲಿ ಬಾವಾಗಲಿ ಇರಲಿಲ್ಲ, ಕೈಯಿಂದ ಒತ್ತಿ ನೋಡುವ ಡಾಕ್ಟರಿಗೆ ಏನೂ ತಿಳಿಯುವಂತಿರಲಿಲ್ಲ. ಬಹಳಷ್ಟು ಗರಣೆಗಳು ಆಪರೇಷನ್ ಮೇಜಿನ ಮೇಲೆಯೇ, ರೋಗಿ ಅರಿವಳಿಕೆಯಲ್ಲಿ ಅಲುಗಾಡದೆ ಮಲಗಿದ್ದಾಗಲೇ ಶುರುವಾಗಿದ್ದವು. 40ರಲ್ಲಿ 14 ಜನರ ಗರಣೆ ಮೂರು ದಿನದೊಳಗೆ ತಾನೇ ಕರಗಿತು. ಉಳಿದ 26 ಜನರಲ್ಲಿ 9 ಮಂದಿಯದು ಮಂಡಿಯ ಹಿಂಭಾಗಕ್ಕೆ, ತೊಡೆಗೆ ಏರಿತು. ಆ 9ರಲ್ಲಿ 4 ಜನರ ಶ್ವಾಸಕೋಶಕ್ಕೆ ತುಣುಕು ಹೋಯಿತು.

132, 40, 26, 9, 4. ಈ ಇಳಿಯುವ ಸಾಲಿನಲ್ಲೇ ಮುಂದಿನ ಕೆಲಸದ ನಕ್ಷೆಯಿದೆ. ಕೊನೆಯ ನಾಲ್ವರು ಯಾರೆಂದು ಮೊದಲೇ ಗುರುತಿಸುವ ದಾರಿಯಿಲ್ಲ. ಹಾಗಾಗಿ 132 ಜನರಿಗೂ ಮದ್ದು ಕೊಡಬೇಕು. ಗರಣೆ ಮೇಜಿನ ಮೇಲೆಯೇ ಹುಟ್ಟುವುದಾದರೆ ಮೊದಲ ಸೂಜಿ ಆಪರೇಷನ್ನಿಗೆ ಮೊದಲೇ ಬೀಳಬೇಕು. ಏನೂ ಆಗದೆ ಮನೆಗೆ ಹೋಗುತ್ತಿದ್ದ ಬಹುಸಂಖ್ಯಾತರಿಗೂ ಕೊಡುವ ಮದ್ದಾದ್ದರಿಂದ ಅದು ಯಾರಿಗೂ ಕೇಡು ಮಾಡದಷ್ಟು ಸೌಮ್ಯವಾಗಿರಬೇಕು.

ಒಂದು ಚಮಚ ಹೆಪ್ಪು

ಸೌಮ್ಯವೂ ಆಗಿರಬೇಕು, ಕೆಲಸವನ್ನೂ ಮಾಡಬೇಕು. ಇದು ಹೇಗೆ ಸಾಧ್ಯ ಎಂಬುದಕ್ಕೆ ಕನ್ನಡದಲ್ಲಿ ಒಂದು ಅನುಕೂಲವಿದೆ. ರಕ್ತ ಗಟ್ಟಿಯಾಗುವುದಕ್ಕೂ ಹಾಲು ಮೊಸರಾಗುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕು, ಬೆಳಗಾಗುವಷ್ಟರಲ್ಲಿ ಅಷ್ಟೂ ಹಾಲು ಗಟ್ಟಿ. ಅದನ್ನು ತಪ್ಪಿಸಬೇಕಾದರೆ ಆ ಒಂದು ಚಮಚವನ್ನು ತಡೆದರಾಯಿತು. ಗಟ್ಟಿಯಾದ ಮೇಲೆ ಏನು ಮಾಡಿದರೂ ಹಾಲು ವಾಪಸು ಬರುವುದಿಲ್ಲ.

ರಕ್ತದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಒಂದು ಅಂಶ ಇನ್ನೊಂದನ್ನು ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿ, ಪ್ರತಿ ಮೆಟ್ಟಿಲಲ್ಲೂ ಪ್ರಮಾಣ ಹತ್ತಾರು ಪಟ್ಟು ಹಿಗ್ಗುತ್ತದೆ. ಈ ಸರಣಿಯ ನಡುವೆ ಹತ್ತನೆಯ ಅಂಶವಿದೆ. ಅದು ಜಾಗೃತವಾದರೆ ಥ್ರಾಂಬಿನ್ ಎಂಬ ಕಿಣ್ವ ಭಾರಿ ಮೊತ್ತದಲ್ಲಿ ಹುಟ್ಟುತ್ತದೆ, ಥ್ರಾಂಬಿನ್ ಫೈಬ್ರಿನೋಜನ್ನನ್ನು ನೂಲಾಗಿಸುತ್ತದೆ. ಇದಕ್ಕೆ ಕಡಿವಾಣವಾಗಿ ನಮ್ಮ ರಕ್ತದಲ್ಲೇ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿದೆ, ಆದರೆ ಅದರ ಕೆಲಸ ನಿಧಾನ. ಹೆಪಾರಿನ್ ಸ್ವತಃ ಏನನ್ನೂ ತಡೆಯುವುದಿಲ್ಲ. ಆಂಟಿಥ್ರಾಂಬಿನ್ನಿಗೆ ಅಂಟಿಕೊಂಡು ಅದರ ವೇಗವನ್ನು ಸುಮಾರು ಸಾವಿರ ಪಟ್ಟು ಏರಿಸುತ್ತದೆ. ಅಮೆರಿಕದ ಸೇಂಟ್ ಲೂಯಿಯಲ್ಲಿದ್ದ ಸ್ಟ್ಯಾನ್‌ಫರ್ಡ್ ವೆಸ್ಲರ್ ಮತ್ತು ಯಿನ್ ಅವರ ವಾದ ಇದು: ಥ್ರಾಂಬಿನ್ ಹುಟ್ಟಿದ ಮೇಲೆ ಅದನ್ನು ಅಡಗಿಸಲು ಹೆಪಾರಿನ್ ಬಹಳ ಬೇಕು, ಆದರೆ ಹತ್ತನೆಯ ಅಂಶದ ಹಂತದಲ್ಲೇ ಹಿಡಿದರೆ ಅತಿ ಸ್ವಲ್ಪ ಸಾಕು. 1971ರಲ್ಲಿ ಇವರಿಬ್ಬರೂ ಕಕ್ಕರ್ ತಂಡದ ಜೊತೆ ಸೇರಿ ಅಲ್ಪ ಪ್ರಮಾಣದ ಹೆಪಾರಿನ್ ಕುರಿತು ಲ್ಯಾನ್ಸೆಟ್‌ನಲ್ಲಿ ಬರೆದರು.

ಗರಣೆ ಆದವರಿಗೆ ದಿನಕ್ಕೆ ಸುಮಾರು 30,000 ಯೂನಿಟ್ ಹೆಪಾರಿನ್ನನ್ನು ನೇರ ರಕ್ತನಾಳಕ್ಕೆ ಹರಿಸುವ ರೂಢಿಯಿತ್ತು. ಕಕ್ಕರ್ ಆರಿಸಿಕೊಂಡದ್ದು 5,000 ಯೂನಿಟ್, ಚರ್ಮದ ಕೆಳಗೆ, ಆಪರೇಷನ್ನಿಗೆ ಎರಡು ಗಂಟೆ ಮೊದಲು ಒಂದು, ಆಮೇಲೆ ಎಂಟೆಂಟು ಗಂಟೆಗೊಮ್ಮೆ ಏಳು ದಿನ. ಚರ್ಮದ ಕೆಳಗಿನ ಕೊಬ್ಬಿನಿಂದ ಮದ್ದು ಮೆಲ್ಲಗೆ ರಕ್ತಕ್ಕೆ ಇಳಿಯುತ್ತದೆ. ಅದಕ್ಕೆ ಒಳ್ಳೆಯ ಜಾಗ ಹೊಟ್ಟೆ. ಅಮ್ಮನ ಪ್ರಶ್ನೆಯ ಅರ್ಧಕ್ಕೆ ಉತ್ತರ ಇಲ್ಲಿದೆ. ಈ ಪ್ರಮಾಣದಲ್ಲಿ ರಕ್ತ ಹೆಪ್ಪುಗಟ್ಟುವ ವೇಳೆಯನ್ನು ಅಳೆಯುವ ಪರೀಕ್ಷೆಗಳು ಹೆಚ್ಚು ಏರುಪೇರಾಗುತ್ತಿರಲಿಲ್ಲ, ಹೀಗಾಗಿ ದಿನವೂ ರಕ್ತ ತೆಗೆಯುವ ಗೋಜಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಸಿಸ್ಟರೊಬ್ಬರೇ ನಿಭಾಯಿಸಬಹುದಾದ ಕೆಲಸವಾಯಿತು ಅದು.

4,121 ಜನ

ಗರಣೆ ಕಡಿಮೆಯಾಗುತ್ತದೆ ಎಂದು ಸಣ್ಣ ಪ್ರಯೋಗಗಳು ತೋರಿಸಿದವು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೀನಖಂಡದ ಸಣ್ಣ ಗರಣೆಗಳು ತಾವೇ ಕರಗುತ್ತವೆ ಎಂದು ತೋರಿಸಿದ್ದು ಇದೇ ಕಕ್ಕರ್. ಕರಗಿ ಹೋಗುವ ಗರಣೆಯನ್ನು ತಡೆದರೆ ಯಾರ ಜೀವ ಉಳಿಯಿತು ಎಂದು ಕೇಳುವವರಿಗೆ ಅವರು ಉತ್ತರ ಹೇಳಲೇಬೇಕಿತ್ತು. ಎಣಿಸಬೇಕಾದದ್ದು ಸಾವನ್ನು. ಅಂಥ ಸಾವು ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ ಕೆಲವೇ ಕೆಲವು, ಆದ್ದರಿಂದ ಹಲವು ದೇಶಗಳ ಆಸ್ಪತ್ರೆಗಳು ಸೇರಬೇಕಾಯಿತು.

40 ವರ್ಷ ದಾಟಿದ, ಮೊದಲೇ ನಿಗದಿಯಾದ ದೊಡ್ಡ ಆಪರೇಷನ್ನಿಗೆ ಬಂದ 4,121 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 2,045 ಜನರಿಗೆ ಹೆಪಾರಿನ್, 2,076 ಜನರಿಗೆ ಇಲ್ಲ. ಆಪರೇಷನ್ ನಂತರ ಒಟ್ಟು 180 ಜನ ತೀರಿಕೊಂಡರು, ಹೆಪಾರಿನ್ ಇಲ್ಲದ ಗುಂಪಿನಲ್ಲಿ 100, ಇದ್ದ ಗುಂಪಿನಲ್ಲಿ 80. ಮರಣೋತ್ತರ ಪರೀಕ್ಷೆಯಲ್ಲಿ, ಶ್ವಾಸಕೋಶಕ್ಕೆ ದೊಡ್ಡ ಗರಣೆ ಬಡಿದೇ ಸತ್ತರು ಎಂದು ಖಚಿತವಾದವರು ಹೆಪಾರಿನ್ ಇಲ್ಲದ ಗುಂಪಿನಲ್ಲಿ 16, ಇದ್ದ ಗುಂಪಿನಲ್ಲಿ 2. ಸಾವಿಗೆ ಮುಖ್ಯ ಕಾರಣ ಬೇರೆಯಿದ್ದು ಗರಣೆಯೂ ಕಂಡವರು ಕ್ರಮವಾಗಿ 6 ಮತ್ತು 3. ವಿಕಿರಣ ಪರೀಕ್ಷೆ ಮಾಡಿಸಿಕೊಂಡ 1,292 ಜನರಲ್ಲಿ ಕಾಲಿನ ಗರಣೆ ಶೇ. 24.6ರಿಂದ ಶೇ. 7.7ಕ್ಕೆ ಇಳಿದಿತ್ತು.

16 ಮತ್ತು 2ನ್ನು ನಾನು ಬೇರೆ ರೀತಿ ಲೆಕ್ಕ ಹಾಕಿ ನೋಡಿದೆ. ಸಾವಿರ ಜನಕ್ಕೆ ಸುಮಾರು 8 ಇದ್ದದ್ದು 1 ಆಯಿತು. ಒಂದು ಜೀವ ಉಳಿಸಲು ಸುಮಾರು 150 ಜನರಿಗೆ ಮದ್ದು ಕೊಡಬೇಕು. ಒಬ್ಬೊಬ್ಬರಿಗೆ 22 ಸೂಜಿ ಎಂದರೆ 3,300 ಸೂಜಿಗೆ ಒಂದು ಜೀವ. ಆ ಒಬ್ಬರು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆಯಲ್ಲಿದ್ದ ರೋಗಿಯನ್ನು ಎಬ್ಬಿಸಿ ಸೂಜಿ ಕೊಡುವ ಸಿಸ್ಟರಿಗಂತೂ ಇದರಲ್ಲಿ ಯಾರ ಕೃತಜ್ಞತೆಯೂ ಸಿಗುವುದಿಲ್ಲ. ನನಗೆ ಇದು ವೈದ್ಯಕೀಯದ ಅತ್ಯಂತ ದೊಡ್ಡ ಕೆಲಸಗಳಲ್ಲಿ ಒಂದಾಗಿ ಕಾಣುತ್ತದೆ.

ತೀರದೆ ಉಳಿದ ಪ್ರಶ್ನೆಗಳು

ಪ್ರಕರಣವನ್ನು ಪೂರ್ತಿ ಹೇಳಬೇಕಾದರೆ ಇದರ ಕೊರತೆಗಳನ್ನೂ ಹೇಳಬೇಕು.

ಯಾರಿಗೆ ಮದ್ದು ಸಿಗುತ್ತಿದೆ ಎಂಬುದು ವೈದ್ಯರಿಗೆ ಗೊತ್ತಿತ್ತು, ಮುಚ್ಚಿಟ್ಟು ನಡೆಸಿದ ಪ್ರಯೋಗ ಇದಲ್ಲ. ಗೊತ್ತಿದ್ದಾಗ ಕಣ್ಣು ತನಗೆ ಬೇಕಾದ್ದನ್ನು ಹೆಚ್ಚು ಕಾಣುವ ಅಪಾಯ ಇದ್ದೇ ಇರುತ್ತದೆ. ಸತ್ತವರೆಲ್ಲರ ಮರಣೋತ್ತರ ಪರೀಕ್ಷೆಯೂ ಆಗಿರಲಿಲ್ಲ. ಮೊದಲ ಗುಂಪಿನಲ್ಲಿ ಶೇ. 72, ಹೆಪಾರಿನ್ ಗುಂಪಿನಲ್ಲಿ ಶೇ. 66. ಎರಡೂ ಕಡೆ ಇಪ್ಪತ್ತೇಳು ಇಪ್ಪತ್ತೆಂಟು ಜನರ ಸಾವಿನ ಕಾರಣ ದೇಹ ತೆರೆದು ನೋಡದೆ ಉಳಿಯಿತು. 16 ಮತ್ತು 2ರ ನಡುವಿನ ಅಂತರದ ಪಕ್ಕದಲ್ಲಿ ಆ ಸಂಖ್ಯೆ ಸಣ್ಣದಲ್ಲ. ಒಟ್ಟು ಸಾವಿನ ಅಂತರ, ಅಂದರೆ 100 ಮತ್ತು 80, ಕಾಕತಾಳೀಯವಲ್ಲ ಎಂದು ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಹೇಳುವಂತಿರಲಿಲ್ಲ. ಸರ್ಜನ್ನರ ಹಳೆಯ ಭಯವೂ ಪೂರ್ತಿ ಸುಳ್ಳಾಗಲಿಲ್ಲ, ಹೆಪಾರಿನ್ ಪಡೆದವರ ಗಾಯದಲ್ಲಿ ರಕ್ತ ಕಟ್ಟಿಕೊಳ್ಳುವುದು ಹೆಚ್ಚೇ ಇತ್ತು.

ಪ್ರಶ್ನೆಗಳು ಎದ್ದವು, ವಾದವಿವಾದ ನಡೆಯಿತು. 1977ರಲ್ಲಿ ಕಕ್ಕರ್ ಮತ್ತು ಸಂಗಡಿಗರು ತಮ್ಮದೇ ಫಲಿತಾಂಶಗಳ ಮರುಪರಿಶೀಲನೆಯನ್ನು ಅದೇ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಅವರ ಮುಖ್ಯ ತೀರ್ಮಾನ ಬದಲಾಗಲಿಲ್ಲ. ಆದರೂ ಒಬ್ಬರೇ ತೂಕ ಹಾಕಿ ಒಬ್ಬರೇ ಒಪ್ಪಿಕೊಂಡರೆ ಸಂದೇಹ ಪೂರ್ತಿ ತೀರುವುದಿಲ್ಲ. ಅದು ತೀರಿದ್ದು 1988ರಲ್ಲಿ. ಆಕ್ಸ್‌ಫರ್ಡ್‌ನ ರೋರಿ ಕಾಲಿನ್ಸ್, ಕೇರಳ ಮೂಲದ ಸಲೀಂ ಯೂಸುಫ್, ರಿಚರ್ಡ್ ಪೆಟೊ ಮೊದಲಾದವರು 70ಕ್ಕೂ ಹೆಚ್ಚು ಪ್ರಯೋಗಗಳ, ಸುಮಾರು 16,000 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಚರ್ಮದ ಕೆಳಗೆ ಕೊಟ್ಟ ಹೆಪಾರಿನ್ ಕಾಲಿನ ಗರಣೆಗಳಲ್ಲಿ ಮೂರರಲ್ಲಿ ಎರಡು ಪಾಲನ್ನು, ಶ್ವಾಸಕೋಶದ ಗರಣೆಗಳಲ್ಲಿ ಸುಮಾರು ಅರ್ಧವನ್ನು ತಡೆಯುತ್ತದೆ ಎಂದು ಕಂಡುಬಂತು. ರಕ್ತಸ್ರಾವ ಸ್ವಲ್ಪ ಹೆಚ್ಚುತ್ತದೆ ಎಂಬುದೂ ಖಚಿತವಾಯಿತು. 1975ರ ಪ್ರಯೋಗದಲ್ಲಿ ಶ್ವಾಸಕೋಶದ ಸಾವು ಎಂಟನೆಯ ಒಂದು ಭಾಗಕ್ಕೆ ಇಳಿದಂತೆ ಕಂಡದ್ದನ್ನು ಇದರ ಪಕ್ಕ ಇಟ್ಟು ನೋಡಿದರೆ, ಮೊದಲ ಪ್ರಯೋಗ ಲಾಭವನ್ನು ಕೊಂಚ ಹಿಗ್ಗಿಸಿಯೇ ತೋರಿಸಿತ್ತು ಎಂದು ನನ್ನ ಎಣಿಕೆ. ಅದು ತೋರಿಸಿದ ದಿಕ್ಕು ಮಾತ್ರ ಸರಿಯಾಗಿತ್ತು.

ಗಾಯದಲ್ಲಿ ರಕ್ತ ಕಟ್ಟುವ ತೊಂದರೆಯನ್ನು ಕಕ್ಕರ್ ಅಷ್ಟಕ್ಕೇ ಬಿಡಲಿಲ್ಲ. ಹೆಪಾರಿನ್ ಉದ್ದುದ್ದ ಸರಪಣಿಗಳ ಮಿಶ್ರಣ. ಅದನ್ನು ತುಂಡರಿಸಿ ಚಿಕ್ಕ ಸರಪಣಿಗಳನ್ನು ಮಾತ್ರ ಉಳಿಸಿಕೊಂಡರೆ ಹತ್ತನೆಯ ಅಂಶದ ಮೇಲಿನ ಹಿಡಿತ ಉಳಿಯುತ್ತದೆ, ಥ್ರಾಂಬಿನ್ ಮೇಲಿನದು ಕಡಿಮೆಯಾಗುತ್ತದೆ, ಮದ್ದು ಹೆಚ್ಚು ಹೊತ್ತು ದೇಹದಲ್ಲಿ ನಿಲ್ಲುತ್ತದೆ. 1982ರಲ್ಲೇ ಅವರ ತಂಡ ಇಂಥ ಕಡಿಮೆ ಅಣುತೂಕದ ಹೆಪಾರಿನ್ ಬಗ್ಗೆ ಬರೆದಿತ್ತು. 1993ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ 3,809 ರೋಗಿಗಳಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸಿದಾಗ, ಗರಣೆ ತಡೆಯುವುದರಲ್ಲಿ ಎರಡೂ ಸಮಸಮ, ಗಾಯದಲ್ಲಿ ರಕ್ತ ಕಟ್ಟುವುದು ಹೊಸದರಲ್ಲಿ ಕಡಿಮೆ ಎಂದು ಗೊತ್ತಾಯಿತು. ದಿನಕ್ಕೆ ಮೂರು ಸೂಜಿಯಿದ್ದದ್ದು ಒಂದಕ್ಕೆ ಇಳಿಯಿತು. ಅಮ್ಮನಿಗೆ ಕೊಡುತ್ತಿದ್ದದ್ದು ಇದೇ ಜಾತಿಯ ಮದ್ದು.

ಬೊಮ್ಮಸಂದ್ರದವರೆಗೆ

ಕಕ್ಕರ್ ಮುಂದೆ ಲಂಡನ್ನಿನ ಚೆಲ್ಸಿಯಲ್ಲಿ ಥ್ರಾಂಬೋಸಿಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಅದರ ಭಾರತದ ಶಾಖೆ ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿ, ನಾರಾಯಣ ಹೃದಯಾಲಯದ ಆವರಣದಲ್ಲಿ ಶುರುವಾಯಿತು. ಅಲ್ಲಿ ಕೈಗೆತ್ತಿಕೊಂಡದ್ದು ಹೃದಯದ ಧಮನಿಯಲ್ಲಿ ಕಟ್ಟುವ ಹೆಪ್ಪಿಗೆ ಸಂಬಂಧಿಸಿದ ಪ್ರಶ್ನೆ: ನಮ್ಮವರಿಗೆ ಹೃದಯಾಘಾತ ಇಷ್ಟು ಚಿಕ್ಕ ವಯಸ್ಸಿಗೇ ಏಕೆ ಬರುತ್ತದೆ? ಬೆಂಗಳೂರು ಮತ್ತು ಮುಂಬಯಿಯ ಕುಟುಂಬಗಳನ್ನು, ಅಂದರೆ ಚಿಕ್ಕ ವಯಸ್ಸಿಗೆ ಹೃದ್ರೋಗ ಬಂದವರ ಜೊತೆಗೆ ಅವರ ಒಡಹುಟ್ಟಿದವರನ್ನೂ ಸೇರಿಸಿಕೊಂಡು ಅಲ್ಲಿಯವರು ಅಧ್ಯಯನ ನಡೆಸಿದರು.

ಅಲ್ಪ ಪ್ರಮಾಣದ ಹೆಪಾರಿನ್ ಕರ್ನಾಟಕದಲ್ಲಿ ಇನ್ನೊಂದು ದಾರಿಯನ್ನೂ ಹಿಡಿಯಿತು. ಅದು ಆಪರೇಷನ್ ವಾರ್ಡಿನದಲ್ಲ, ಬಾಣಂತಿ ಕೋಣೆಯದು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ, ಹೆರಿಗೆಯ ರಕ್ತಸ್ರಾವ ನಿಲ್ಲಲೆಂದು ದೇಹವೇ ಮಾಡಿಕೊಂಡ ಏರ್ಪಾಡು ಅದು. ಅಂಥ ಹೊತ್ತಿನಲ್ಲಿ ಕೆಲವು ಬಾಣಂತಿಯರ ಮಿದುಳಿನ ಅಭಿಧಮನಿಯಲ್ಲಿ ಗರಣೆ ಕಟ್ಟುತ್ತದೆ. ತಡೆಯಲಾರದ ತಲೆನೋವು, ಫಿಟ್ಸ್, ಒಂದು ಪಕ್ಕದ ಕೈಕಾಲು ಬೀಳುವುದು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಇಂಥ ಬಾಣಂತಿಯರನ್ನು ದಶಕಗಳ ಕಾಲ ಕಂಡು ದಾಖಲಿಸಿದ್ದಾರೆ, ಬಾಣಂತಿಗೆ ನೀರು ಕೊಡದೆ ಒಣಗಿಸುವ ರೂಢಿಯತ್ತ ಬೊಟ್ಟು ಮಾಡಿದ್ದಾರೆ. ಈ ಕಾಯಿಲೆಯಲ್ಲಿ ಮಿದುಳಿನೊಳಗೆ ರಕ್ತ ಸೋರಿರುವುದೂ ಉಂಟು, ಆದ್ದರಿಂದ ಹೆಪಾರಿನ್ ಕೊಡಲು ವೈದ್ಯರಿಗೆ ಭಯ. 1960ರ ದಶಕದ ಸರ್ಜನ್ನರಿಗಿದ್ದ ಭಯವೇ ಇದು, ಜಾಗ ಮಾತ್ರ ಬೇರೆ. ನಿಮ್ಹಾನ್ಸ್‌ನವರು ಇವರಲ್ಲಿ ಅಲ್ಪ ಪ್ರಮಾಣದ ಹೆಪಾರಿನ್ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ, 1999ರಲ್ಲಿ ಅದರಿಂದ ಅನುಕೂಲವಿದೆ ಎಂದು ಪ್ರಕಟಿಸಿದರು.

ಇಷ್ಟನ್ನೂ ಅಮ್ಮನಿಗೆ ಕಂತುಕಂತಾಗಿ ಹೇಳಿದೆ. ಒಂದು ಚಮಚ ಹೆಪ್ಪಿನ ಮಾತು ಅವರಿಗೆ ಕೂಡಲೇ ಹಿಡಿಸಿತು. 150 ಜನರಲ್ಲಿ ಒಬ್ಬರ ಲೆಕ್ಕ ಹೇಳಿದಾಗ ಪಕ್ಕದ ಮಂಚಗಳತ್ತ ಒಮ್ಮೆ ಕಣ್ಣು ಹಾಯಿಸಿದರು. ನಮ್ಮ ವಾರ್ಡಿನಲ್ಲಿ ಹನ್ನೆರಡು ಮಂಚಗಳಿದ್ದವು. ಸಂಜೆ ಸಿಸ್ಟರ್ ಟ್ರೇ ಹಿಡಿದು ಬಂದಾಗ, ನೀಲಿ ಕಲೆ ಬೀಳದ ಜಾಗ ಯಾವುದೆಂದು ನೋಡಿ ಸೀರೆಯ ನೆರಿಗೆಯನ್ನು ತಾವೇ ಸ್ವಲ್ಪ ಸರಿಸಿಕೊಂಡರು.